ಕೋಟಿನ ಬಟ್ಟೆ ತೆಗೆಯುವ ಮೊದಲು

ಕೋಟು ಹೊಲಿಸುತ್ತೇನೆ ಅಂತ ಹೊರಟಿದ್ದೀಯ. ಒಳ್ಳೆಯದು ತಮ್ಮಾ. ಹಾಗಾದರೆ ಬಟ್ಟೆ ಅಂಗಡಿಗೆ ಹೋಗುವ ಮೊದಲು ಟೈಲರ್ ಅಂಗಡಿಗೆ ಹೋಗು. ನಮ್ಮ ಕಡೆ ಇದು ಯಾವಾಗಲೂ ಹಿಂದುಮುಂದಾಗಿಯೇ ನಡೆಯುತ್ತದೆ. ಮದುವೆ ಜವಳಿ ತೆಗೆಯಲು ಮನೆಮಂದಿಯೆಲ್ಲ ಸೇರಿ ಬರುತ್ತಾರೆ, ಸೀರೆಗಳ ಮುಂದೆ ಅರ್ಧ ದಿನ ಕೂರುತ್ತಾರೆ. ಅಂಗಡಿಯವರು ದೀಪ ಆರಿಸುವ ಹೊತ್ತಿಗೆ ಯಾರಿಗೋ ನೆನಪಾಗಿ, ‘ಹುಡುಗನಿಗೂ ಒಂದು ಸೂಟ್ ಪೀಸ್ ಕಟ್ ಮಾಡಿಬಿಡಿ’ ಎನ್ನುತ್ತಾರೆ. ಐದು ನಿಮಿಷದಲ್ಲಿ ಮೂರೂಕಾಲು ಮೀಟರ್ ಕತ್ತರಿಸಿ ಡಬ್ಬಿಗೆ ಹಾಕಿ ಕೊಟ್ಟಾಯಿತು. ಹುಡುಗ ಅದನ್ನು ಮೈಮೇಲೆ ಹೇರಿಕೊಂಡು ಆರತಕ್ಷತೆಯ ಸ್ಟೇಜಿನ ಮೇಲೆ ಮೂರು ಗಂಟೆ ನಿಲ್ಲಬೇಕು ಎನ್ನುವುದು ಯಾರ ಲೆಕ್ಕದಲ್ಲೂ ಇರುವುದಿಲ್ಲ. ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಸೂಟಿಂಗ್ ಕೌಂಟರಿನ ಹಿಂದೆ ನಿಂತೇ ತಲೆ ನೆರೆದವನು ನಾನು. ಈಗ ನನಗೆ ಮಾರುವುದು ಏನೂ ಇಲ್ಲ, ಹಾಗಾಗಿ ಬಿಚ್ಚಿ ಹೇಳಬಹುದು.

ಟೈಲರ್ ಹತ್ತಿರ ಮೊದಲು ಯಾಕೆಂದರೆ, ಬಟ್ಟೆ ಎಷ್ಟೇ ಚೆನ್ನಾಗಿರಲಿ, ಅದನ್ನು ಪಳಗಿಸಬೇಕಾದವರು ಅವರು. ಪ್ಯಾಂಟು, ಶರಟು ಸೊಗಸಾಗಿ ಹೊಲಿಯುವವರೆಲ್ಲ ಕೋಟು ಹೊಲಿಯಬಲ್ಲರು ಅಂತ ಏನಿಲ್ಲ. ‘ಎದೆ ಭಾಗದ ಒಳಗೆ ಏನು ಹಾಕುತ್ತೀರಿ ಮಾಸ್ಟರ್?’ ಎಂದು ಕೇಳು. ಬಿಸಿ ಇಸ್ತ್ರಿಯಿಂದ ಅಂಟಿಸುವ ಫ್ಯೂಸಿಂಗ್ ಹಾಕುತ್ತೇವೆ ಎನ್ನಬಹುದು, ಇಲ್ಲವೇ ಕ್ಯಾನ್ವಾಸನ್ನು ದಾರದಿಂದ ಹೊಲಿದು ಕೂರಿಸುತ್ತೇವೆ ಎನ್ನಬಹುದು. ಊರುಗಳಲ್ಲಿ ಹೆಚ್ಚಿನವರದು ಫ್ಯೂಸಿಂಗೇ. ಅದರಲ್ಲಿ ತಪ್ಪಿಲ್ಲ, ಆದರೆ ತೀರಾ ತೆಳುವಾದ ಬಟ್ಟೆಗೆ ಅದು ಒಗ್ಗುವುದಿಲ್ಲ. ನಾಲ್ಕು ಸಲ ಡ್ರೈಕ್ಲೀನ್ ಆಗುವಷ್ಟರಲ್ಲಿ ಅಂಟು ಅಲ್ಲಲ್ಲಿ ಬಿಟ್ಟು ಎದೆಯ ಮೇಲೆ ಗುಳ್ಳೆ ಏಳುತ್ತದೆ. ತೆಳುವಾದ, ಜಾರುವ ಬಟ್ಟೆಯಲ್ಲಿ ಹೊಲಿಗೆಯ ಪ್ರತಿಯೊಂದು ಎಳೆತವೂ ಎದ್ದು ಕಾಣುತ್ತದೆ. ಸ್ವಲ್ಪ ತೂಕವಿರುವ ಬಟ್ಟೆ ಇಸ್ತ್ರಿಗೆ ಬಗ್ಗುತ್ತದೆ, ಸಣ್ಣಪುಟ್ಟ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ನಿನ್ನ ಟೈಲರ್ ಯಾವ ಬಟ್ಟೆಯನ್ನು ಪಳಗಿದ ಕೈಯಿಂದ ಹೊಲಿಯುತ್ತಾರೆ ಎಂದು ತಿಳಿದುಕೊಂಡು, ಆ ಎಲ್ಲೆಯೊಳಗೆ ಬಟ್ಟೆ ಹುಡುಕು. ಬಟ್ಟೆಗೇ ಹಣವೆಲ್ಲ ಸುರಿದು ಹೊಲಿಗೆಯ ಕೂಲಿಗೆ ಚೌಕಾಸಿ ಮಾಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಅದಕ್ಕಿಂತ ಸಾಧಾರಣ ಬಟ್ಟೆ ತೆಗೆದು ಒಳ್ಳೆಯ ಕೈಗೆ ಕೊಟ್ಟವರೇ ಜಾಣರು.

ಆಮೇಲೆ ನಿನ್ನನ್ನು ನೀನೇ ಕೇಳಿಕೊಳ್ಳಬೇಕಾದ್ದು ಇಷ್ಟು. ಈ ಕೋಟು ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ, ಹಗಲೋ ರಾತ್ರಿಯೋ, ಒಟ್ಟು ಎಷ್ಟು ಸಲ ಮೈಮೇಲೆ ಏರಲಿದೆ? ಕಲಬುರಗಿಯ ಮೇ ತಿಂಗಳ ಮದುವೆಯೇ, ಮಂಗಳೂರಿನ ಸೆಕೆಯಲ್ಲಿ ನಡೆಯುವ ಸಮಾರಂಭವೇ, ಬೆಂಗಳೂರಿನ ಏಸಿ ಆಫೀಸೇ, ಮಡಿಕೇರಿಯ ಡಿಸೆಂಬರ್ ಸಂಜೆಯೇ? ಈ ನಾಲ್ಕಕ್ಕೂ ಒಂದೇ ಬಟ್ಟೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಅವರ ಬಳಿ ಆ ಥಾನು ಖಾಲಿಯಾಗದೆ ಉಳಿದಿದೆ ಎಂದು ತಿಳಿ.

ಬಟ್ಟೆ ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು ತೂಕ. ಕಂಪನಿ ಹೆಸರಲ್ಲ, ರೇಟೂ ಅಲ್ಲ. ಸೂಟಿಂಗ್ ಬಟ್ಟೆಯ ಪನ್ನ ಸಾಮಾನ್ಯವಾಗಿ 58ರಿಂದ 60 ಇಂಚು, ಅಂದರೆ ಸುಮಾರು ಒಂದೂವರೆ ಮೀಟರ್ ಅಗಲ. ಆ ಪನ್ನದ ಒಂದು ಮೀಟರ್ ಉದ್ದದ ತುಂಡು ಎಷ್ಟು ಗ್ರಾಂ ತೂಗುತ್ತದೆ ಎನ್ನುವುದೇ ಮಿಲ್ಲಿನವರ ಲೆಕ್ಕ. 220ರಿಂದ 250 ಗ್ರಾಂ ಇದ್ದರೆ ಹಗುರ, ಬೇಸಿಗೆಗೆಂದು ಮಾಡಿದ್ದು. 260ರಿಂದ 300ರವರೆಗಿನದ್ದು ನಮ್ಮ ಒಳನಾಡಿನ ಊರುಗಳಲ್ಲಿ ವರ್ಷದ ಬಹುಪಾಲು ನಡೆಯುತ್ತದೆ. 340 ದಾಟಿತೆಂದರೆ ಅದು ಚಳಿ ದೇಶದ ಬಟ್ಟೆ. ಜರ್ಮನಿಗೋ ಕೆನಡಾಕ್ಕೋ ಹೊರಟಿದ್ದರೆ ಮಾತ್ರ ತೆಗೆ. ಇಲ್ಲಿ ಒಂದು ಎಚ್ಚರ ಬೇಕು. ಕೆಲವರು ತೂಕವನ್ನು ಜಿಎಸ್‌ಎಂನಲ್ಲಿ ಹೇಳುತ್ತಾರೆ, ಅದು ಒಂದು ಚದರ ಮೀಟರಿನ ತೂಕ. 240 ಜಿಎಸ್‌ಎಂ ಎಂದು ಕೇಳಿ ಹಗುರ ಎಂದುಕೊಂಡರೆ ಕೆಟ್ಟೆ, ಒಂದೂವರೆ ಮೀಟರ್ ಪನ್ನಕ್ಕೆ ಅದು ಮೀಟರಿಗೆ 360 ಗ್ರಾಂ ಆಗುತ್ತದೆ. ಇಂಗ್ಲೆಂಡಿನ ಬಟ್ಟೆಯ ಚೀಟಿಯಲ್ಲಿ ಔನ್ಸ್ ಇರುತ್ತದೆ. 9 ಔನ್ಸ್ ಎಂದರೆ ಹೆಚ್ಚುಕಡಿಮೆ ಮೀಟರಿಗೆ 280 ಗ್ರಾಂ. ಸೇಲ್ಸ್ ಹುಡುಗನಿಗೆ ತೂಕ ಗೊತ್ತಿಲ್ಲದಿದ್ದರೆ ಥಾನಿನ ತುದಿಯ ಚೀಟಿ ನೋಡು, ಅಲ್ಲೂ ಇಲ್ಲದಿದ್ದರೆ ಮಾಲೀಕರನ್ನು ಕೇಳು. ಕೇಳುವುದಕ್ಕೆ ಸಂಕೋಚವೇನು, ದುಡ್ಡು ನಿನ್ನದು.

ಈಗ ನಮ್ಮವರು ಹೆಚ್ಚಾಗಿ ಮೋಸಹೋಗುವ ಜಾಗಕ್ಕೆ ಬರೋಣ. ಬೇಸಿಗೆ ಎಂದ ಕೂಡಲೇ ‘ತೆಳ್ಳಗಿರುವುದು ಕೊಡಿ’ ಎನ್ನುತ್ತಾರೆ. ತೆಳುವಾದದ್ದೆಲ್ಲ ತಂಪು ಎಂದು ನಂಬಿದ್ದಾರೆ. ಮೈಗೆ ತಂಪು ಕೊಡುವುದು ಗಾಳಿ, ಗಾಳಿ ಆಡುವುದು ನೇಯ್ಗೆಯ ಸಂದಿನಲ್ಲಿ. ಸಣ್ಣ ನೂಲನ್ನು ಒತ್ತೊತ್ತಾಗಿ ಹೆಣೆದು, ಮೇಲೆ ನುಣುಪು ಬರುವಂತೆ ಒತ್ತಿ ತೆಗೆದ 210 ಗ್ರಾಂ ಬಟ್ಟೆ ಕೈಗೆ ರೇಷ್ಮೆಯ ಹಾಗೆ ಜಾರುತ್ತದೆ, ಆದರೆ ಗಾಳಿ ಬಿಡುವುದಿಲ್ಲ. ಅದೇ ನೂಲಿಗೆ ಹೆಚ್ಚು ಹುರಿ ಕೊಟ್ಟು, ಹಾಸಿನ ಎಳೆ ಒಂದು ಮೇಲೆ ಒಂದು ಕೆಳಗೆ ಬರುವ ಸಾದಾ ನೇಯ್ಗೆಯಲ್ಲಿ ಸ್ವಲ್ಪ ಸಡಿಲಾಗಿ ನೇಯ್ದ 280 ಗ್ರಾಂ ಉಣ್ಣೆ ಬಟ್ಟೆಯಲ್ಲಿ ಗಾಳಿ ಸರಾಗವಾಗಿ ಓಡಾಡುತ್ತದೆ. ತೂಕ ಹೆಚ್ಚು, ಸೆಕೆ ಕಡಿಮೆ. ಕೇಳಲು ವಿಚಿತ್ರ, ತೊಟ್ಟವರಿಗೆ ಗೊತ್ತು. ಅಂಗಡಿಗಳಲ್ಲಿ ಇದನ್ನು ‘ಟ್ರಾಪಿಕಲ್’ ಎನ್ನುತ್ತಾರೆ, ಇಂಗ್ಲೆಂಡಿನ ಮಿಲ್ಲುಗಳು ಇದರ ಒಂದು ಬಗೆಯನ್ನು ‘ಫ್ರೆಸ್ಕೊ’ ಎಂದು ಮಾರುತ್ತವೆ. ಕೈಗೆ ಸ್ವಲ್ಪ ಒರಟು ಅನಿಸುತ್ತದೆ. ಆ ಒರಟಿಗೆ ಹೆದರಬೇಡ, ಒಳಗೆ ಅಸ್ತರು ಇರುತ್ತದೆ, ಶರಟು ಇರುತ್ತದೆ, ಮೈಗೆ ಅದೇನೂ ಚುಚ್ಚುವುದಿಲ್ಲ. ಎರಡು ಎಳೆ ಸೇರಿಸಿ ಚೌಕಚೌಕವಾಗಿ ನೇಯುವ ಹಾಪ್‌ಸ್ಯಾಕ್ ಕೂಡ ಇದೇ ಜಾತಿಯದ್ದು. ಸೂಟಿನ ಜೊತೆಯಿಲ್ಲದೆ ಬಿಡಿಯಾಗಿ ತೊಡುವ ಜಾಕೆಟ್ಟಿಗೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ನಮ್ಮ ಹಿರಿಯರು ಪಂಚೆಯ ಮೇಲೆ, ಪೇಟದ ಕೆಳಗೆ ಕೋಟು ತೊಟ್ಟು ಬಿಸಿಲಲ್ಲಿ ಓಡಾಡಿದವರು. ಆಲ್ಪಾಕ ಕೋಟಿನ ಮೇಷ್ಟ್ರು, ಆಲ್ಪಾಕ ಕೋಟಿನ ಶಾನುಭೋಗರು ಎಂದು ಕೇಳಿರುತ್ತೀಯ. ಆಲ್ಪಾಕ ದಕ್ಷಿಣ ಅಮೆರಿಕದ ಪೆರು ಕಡೆಯ ಪ್ರಾಣಿ. ಅದರ ಉಣ್ಣೆಯನ್ನು ಹತ್ತಿಯ ಹಾಸಿನ ಜೊತೆ ನೇಯುವ ಹದವನ್ನು 1830ರ ದಶಕದಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಟೈಟಸ್ ಸಾಲ್ಟ್ ಎಂಬ ಮಿಲ್ ಮಾಲೀಕ ಕಂಡುಕೊಂಡ, ಅಲ್ಲಿಂದ ಅದು ಲೋಕದ ತುಂಬ ಹಬ್ಬಿತು. ಸಣ್ಣ ಹೊಳಪು, ಹಗುರ ಮೈ, ಬೆವರಿಗೆ ಅಂಟದ ಗುಣ. ನಮ್ಮ ಹಿರಿಯರೇನೂ ಶೋಕಿಗೆ ಅದನ್ನು ತೊಡಲಿಲ್ಲ, ಈ ಹವೆಗೆ ಒಗ್ಗುವುದು ಅದೇ ಎಂದು ಕಂಡುಕೊಂಡಿದ್ದರು.

ಮೂರು ಪರೀಕ್ಷೆಗಳನ್ನು ಅಂಗಡಿಯಲ್ಲೇ ಮಾಡು. ಬಟ್ಟೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಮೂವತ್ತು ಎಣಿಸಿ ಬಿಡು. ಹುರಿ ಇರುವ ಉಣ್ಣೆಯಾದರೆ ಕಣ್ಣೆದುರಿಗೇ ಬಿಚ್ಚಿಕೊಳ್ಳುತ್ತದೆ, ಮುದುರು ಹಾಗೇ ನಿಂತರೆ ನಿನ್ನ ಕೋಟಿನ ಮೊಣಕೈ, ಬೆನ್ನು ಹಾಗೇ ಇರುತ್ತದೆ. ಬೆಳಕಿಗೆ ಎತ್ತಿ ಹಿಡಿ, ಸೂಜಿಮೊನೆಯಷ್ಟು ಸಂದುಗಳು ಕಾಣುತ್ತವೆಯೇ ನೋಡು. ಬಾಯಿಗೆ ಒತ್ತಿ ಹಿಡಿದು ಊದು, ಆಚೆ ಬದಿಯ ಅಂಗೈಗೆ ಉಸಿರು ತಾಗಬೇಕು. ಅಕ್ಕಪಕ್ಕದವರು ನಗುತ್ತಾರೆ, ನಗಲಿ.

ಸೂಪರ್ ನಂಬರಿನ ವಿಷಯ ಹೇಳದಿದ್ದರೆ ನೀನು ಹೊರಗೆ ಹೋಗಿ ಬೇರೆ ಯಾರನ್ನೋ ಕೇಳುತ್ತೀಯ. ಸೂಪರ್ 100, 120, 150 ಎಂದು ಬಟ್ಟೆಯ ಅಂಚಿನಲ್ಲಿ ನೇಯ್ದಿರುತ್ತಾರೆ. ಹಿಂದೆ ಒಂದು ಪೌಂಡ್ ಉಣ್ಣೆಯಿಂದ 560 ಗಜದ ಎಷ್ಟು ಲಡಿ ನೂಲು ತೆಗೆಯಬಹುದು ಎನ್ನುವ ಅಂದಾಜಿನಿಂದ ಹುಟ್ಟಿದ ಅಂಕಿ ಅದು. ಈಗ ಅಂತರರಾಷ್ಟ್ರೀಯ ಉಣ್ಣೆ ಜವಳಿ ಸಂಘಟನೆ ಅದಕ್ಕೆ ಎಳೆಯ ದಪ್ಪವನ್ನು ನಿಗದಿ ಮಾಡಿದೆ. ಸೂಪರ್ 100 ಎನ್ನಬೇಕಾದರೆ ಎಳೆ ಸರಾಸರಿ 18.75 ಮೈಕ್ರಾನ್ ಮೀರಬಾರದು, 120ಕ್ಕೆ 17.75, 150ಕ್ಕೆ 16.25. ನಮ್ಮ ಕುರುಬರ ಕಂಬಳಿಯ ಉಣ್ಣೆಯ ಎಳೆ ಇದರ ಎರಡರಷ್ಟಾದರೂ ದಪ್ಪ, ಅದಕ್ಕೇ ಅದು ಮಳೆಯಲ್ಲಿ ಹೊದೆಯಲು ಸೈ, ಕೋಟಿಗೆ ಆಗದು. ಮಿಲ್ಲುಗಳಿಗೆ ಬರುವ ಸಣ್ಣ ಎಳೆ ಆಸ್ಟ್ರೇಲಿಯಾದಂಥ ಕಡೆಯ ಮೆರಿನೊ ಕುರಿಯದು.

ಈ ನಂಬರು ಹೇಳುವುದು ಎಳೆ ಎಷ್ಟು ಸಣ್ಣದು ಎನ್ನುವುದನ್ನು ಮಾತ್ರ. ಬಾಳಿಕೆ, ತಂಪು, ನಿಲುವು ಯಾವುದನ್ನೂ ಅದು ಹೇಳುವುದಿಲ್ಲ. ಎಳೆ ಸಣ್ಣದಾದಷ್ಟೂ ಬಟ್ಟೆ ನುಣುಪು, ಅಷ್ಟೇ ನಾಜೂಕು. ವರ್ಷಕ್ಕೆ ಎರಡು ಸಲ ಏಸಿ ಹಾಲಿನಲ್ಲಿ ತೊಡುವವರಿಗೆ 150 ಚೆನ್ನ. ಬೈಕಿನ ಮೇಲೆ, ಓಲಾದಲ್ಲಿ, ಕುರ್ಚಿಯ ಬೆನ್ನಿಗೆ ನೇತುಹಾಕಿ ಬಳಸುವವನಿಗೆ 100ರಿಂದ 120 ಸಾಕು, ಅದಕ್ಕಿಂತ ಮೇಲೆ ಹೋದರೆ ಮೊಣಕೈ ಬೇಗ ಸವೆಯುತ್ತದೆ. ಇನ್ನೊಂದು ಮಾತು. ‘ಸೂಪರ್’ ಎನ್ನುವ ಹೆಸರು ಉಣ್ಣೆಗೆ ಮೀಸಲು. ಆದರೆ ಅಂಚಿನ ಅಕ್ಷರವನ್ನು ಯಾವ ಮಗ್ಗದಲ್ಲಾದರೂ ನೇಯಬಹುದು. ಒಂದು ಎಳೆ ಉಣ್ಣೆಯಿಲ್ಲದ ಬಟ್ಟೆಯ ಅಂಚಿನಲ್ಲೂ ‘ಸೂಪರ್ 120’ ಎಂದು ಚಿನ್ನದ ಬಣ್ಣದಲ್ಲಿ ಹೊಳೆಯುವುದನ್ನು ಮಾರುಕಟ್ಟೆಯಲ್ಲಿ ಕಂಡಿದ್ದೇನೆ. ಅಂಚನ್ನು ಓದಿ ಬಿಟ್ಟುಬಿಡು, ಬಟ್ಟೆಯಲ್ಲಿ ಏನೇನು ಎಷ್ಟೆಷ್ಟು ಪಾಲು ಇದೆ ಎಂದು ಬಿಲ್ಲಿನ ಮೇಲೆ ಬರೆಸಿಕೊ. 1964ರಿಂದ ಚಲಾವಣೆಯಲ್ಲಿರುವ ವುಲ್‌ಮಾರ್ಕ್ ಗುರುತು ಇದ್ದರೆ ಒಳ್ಳೆಯದು. ಅನುಮಾನವಿದ್ದರೆ ಕತ್ತರಿಸಿದ ಅಂಚಿನಿಂದ ಎರಡು ಎಳೆ ಬೇಡಿ ತಂದು ಕಡ್ಡಿ ಗೀರು. ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ ಬೂದಿಯಾಗುತ್ತದೆ, ಬೆರಳಲ್ಲಿ ಉಜ್ಜಿದರೆ ಪುಡಿಪುಡಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹಾಸು, ಹೊಕ್ಕು ಎರಡರ ಎಳೆಯನ್ನೂ ಸುಟ್ಟು ನೋಡು.

ಹಾಗಂತ ಬೆರಕೆ ಬಟ್ಟೆಯೆಲ್ಲ ಕಳಪೆ ಎನ್ನುವ ಮಡಿವಂತ ನಾನಲ್ಲ. 55 ಪಾಲು ಪಾಲಿಯೆಸ್ಟರ್, 45 ಪಾಲು ಉಣ್ಣೆಯ ಟೆರಿವುಲ್ ಎಷ್ಟೋ ಗುಮಾಸ್ತರ, ಮ್ಯಾನೇಜರುಗಳ, ವಕೀಲರ ಮಾನ ಕಾಪಾಡಿದೆ. ದಿನಾ ತೊಡುವವನಿಗೆ, ಇಸ್ತ್ರಿಗೆ ಪುರುಸೊತ್ತಿಲ್ಲದವನಿಗೆ ಅದು ಗಟ್ಟಿ ಆಳು. ಟಿಆರ್ ಎಂದು ಮಾರುವ ಪಾಲಿಯೆಸ್ಟರ್-ವಿಸ್ಕೋಸ್ ಬೆರಕೆ ಅದಕ್ಕಿಂತ ಅಗ್ಗ, ಹೆಚ್ಚಾಗಿ 65ಕ್ಕೆ 35ರ ಪಾಲು. ಪ್ಯಾಂಟಿಗೆ ಪರವಾಗಿಲ್ಲ. ಕೋಟಿಗೆ ಮಾತ್ರ ನನ್ನ ಮನಸ್ಸು ಒಪ್ಪುವುದಿಲ್ಲ, ಯಾಕೆಂದರೆ ಸೆಕೆಯಲ್ಲಿ ಅದು ಬೇಯಿಸುತ್ತದೆ. ಉಣ್ಣೆ ತನ್ನ ತೂಕದ ಶೇಕಡಾ 30ರವರೆಗೂ ತೇವ ಹೀರಿಕೊಂಡು ಮೈಗೆ ಒದ್ದೆ ಅನಿಸದಂತೆ ಇರಬಲ್ಲದು, ಪಾಲಿಯೆಸ್ಟರ್ ಅರ್ಧ ಪರ್ಸೆಂಟೂ ಹೀರುವುದಿಲ್ಲ. ವಕೀಲರಿಗಾದರೂ ಬೇಸಿಗೆಯಲ್ಲಿ ಹೈಕೋರ್ಟು, ಸುಪ್ರೀಂ ಕೋರ್ಟು ಬಿಟ್ಟು ಉಳಿದೆಡೆ ಕರಿಕೋಟಿನಿಂದ ವಿನಾಯಿತಿ ಇದೆ. ಮದುಮಗನಿಗೆ ಅಂಥ ಯಾವ ಕಾನೂನೂ ಇಲ್ಲ.

ಅಸ್ತರಿನ ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಯಾರೂ ಕೇಳುವುದಿಲ್ಲ. ಮೂರು ಊರು ಸುತ್ತಿ ಗಾಳಿಯಾಡುವ ಉಣ್ಣೆ ಬಟ್ಟೆ ತಂದು, ಒಳಗೆ ಪಾಲಿಯೆಸ್ಟರ್ ಅಸ್ತರು ಹಾಕಿಸಿದರೆ ನೀನು ತೊಟ್ಟದ್ದು ಪ್ಲಾಸ್ಟಿಕ್ಕನ್ನೇ. ವಿಸ್ಕೋಸ್ ಅಸ್ತರು ಕೇಳು. ಸಿಕ್ಕರೆ ಹತ್ತಿಬೀಜಕ್ಕೆ ಅಂಟಿಕೊಂಡ ನವಿರಾದ ಜುಂಗಿನಿಂದ ಮಾಡುವ ಕ್ಯುಪ್ರೊ ಇನ್ನೂ ಒಳ್ಳೆಯದು, ‘ಬೆಂಬರ್ಗ್’ ಎಂದರೆ ದೊಡ್ಡ ಊರಿನ ಅಂಗಡಿಯವರಿಗೆ ಗೊತ್ತಾಗುತ್ತದೆ. ಬೇಸಿಗೆ ಕೋಟಾದರೆ ಬೆನ್ನಿನ ಕೆಳಭಾಗಕ್ಕೆ ಅಸ್ತರು ಬೇಡ, ಅರ್ಧ ಹಾಕಿ ಎಂದು ಹೇಳು. ಕೆಲಸ ಕಡಿಮೆಯಲ್ಲ, ಒಳಹೊಲಿಗೆಗಳನ್ನೆಲ್ಲ ಅಚ್ಚುಕಟ್ಟಾಗಿ ಮುಚ್ಚಬೇಕಾಗಿ ಬರುವುದರಿಂದ ಮಾಸ್ಟರ್ ಗೊಣಗುತ್ತಾರೆ. ಬೇಕಾದರೆ ಇನ್ನಷ್ಟು ಕೂಲಿ ಕೊಡು.

ರೇಷ್ಮೆ, ಲಿನನ್, ವೆಲ್ವೆಟ್ ಬಗ್ಗೆ ಬೇಗ ಹೇಳುತ್ತೇನೆ. ದೇಶದಲ್ಲೇ ಹೆಚ್ಚು ರೇಷ್ಮೆ ಬೆಳೆಯುವ ರಾಜ್ಯ ನಮ್ಮದು, ಕ್ಲೋಸ್ ಕಾಲರಿನ ಜೋಧಪುರಿ ಕೋಟಿಗೆ ಗಂಟುಗಂಟಿನ ಡ್ಯೂಪಿಯನ್ ಬಲು ಶೋಭೆ. ಆದರೆ ರೇಷ್ಮೆ ಬೆವರಿಗೆ ಕಲೆಯಾಗುತ್ತದೆ, ಬಿಗಿಯಾಗಿ ಹೊಲಿದರೆ ಹೊಲಿಗೆಯ ಪಕ್ಕದಲ್ಲಿ ಎಳೆ ಜಾರಿ ಬಾಯಿ ಬಿಡುತ್ತದೆ. ಹಿಂದೆ ಆಧಾರದ ಬಟ್ಟೆ ಕೊಟ್ಟು, ಸ್ವಲ್ಪ ಸಡಿಲವಾಗಿ ಹೊಲಿಸು. ಲಿನನ್ ತಂಪು, ಗಾಡಿಯಿಂದ ಇಳಿಯುವಷ್ಟರಲ್ಲಿ ಮುದುಡುತ್ತದೆ. ಆ ಮುದುಡನ್ನೇ ಚೆಂದ ಎನ್ನುವ ಮನಸ್ಸಿದ್ದರೆ ತೆಗೆ, ಹಗಲಿನ ಸಮಾರಂಭಕ್ಕೆ ಸರಿ. ವೈಶಾಖದಲ್ಲಿ ವೆಲ್ವೆಟ್ ಬೇಡ, ಅದರ ಬಗ್ಗೆ ಚರ್ಚೆಯೇ ಬೇಡ.

ಬಣ್ಣವನ್ನು ಅಂಗಡಿಯ ದೀಪದ ಕೆಳಗೆ ಒಪ್ಪಬೇಡ. ಥಾನನ್ನು ಬಾಗಿಲಿಗೆ ತರಿಸಿ ಬಿಸಿಲಲ್ಲಿ ನೋಡು, ಹೊರಗೆ ನೀಲಿಯಾದದ್ದು ಒಳಗೆ ಕಪ್ಪೆಂದು ಕಂಡಿರುತ್ತದೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು, ಬಟ್ಟೆಗೆ ಆ ಲೆಕ್ಕ ನಡೆಯುವುದಿಲ್ಲ. ಸ್ಯಾಂಪಲ್ ಪುಸ್ತಕದ ಅಂಗೈಯಗಲದ ತುಂಡಿನಲ್ಲಿ ತೆಪ್ಪಗಿದ್ದ ಚೌಕಳಿ ಇಡೀ ಎದೆಯ ಮೇಲೆ ಹರಡಿದಾಗ ಕೂಗಾಡುತ್ತದೆ, ಬಣ್ಣವೂ ಒಂದು ಪಟ್ಟು ತಿಳಿಯಾಗಿ ಕಾಣುತ್ತದೆ. ಎರಡು ಮೀಟರ್ ಬಿಚ್ಚಿಸಿ ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯಿಂದ ಹತ್ತು ಅಡಿ ದೂರ ನಿಲ್ಲು. ಬಟ್ಟೆ ಭುಜದಿಂದ ಕೆಳಗೆ ಹೇಗೆ ಇಳಿಯುತ್ತದೆ ನೋಡು, ಟೈಲರುಗಳು ‘ಫಾಲ್’ ಎನ್ನುವುದು ಇದನ್ನೇ. ಜೊತೆಗೆ ಬಂದ ಅಕ್ಕನೋ ಅತ್ತಿಗೆಯೋ ಏನು ಹೇಳುತ್ತಾರೆ ಕೇಳು, ನಮ್ಮ ಗಂಡಸರಿಗಿಂತ ಅವರ ಕಣ್ಣು ಚುರುಕು.

ಒಂದೇ ಕೋಟು ಹೊಲಿಸುವವನಾದರೆ ಗಾಢ ನೀಲಿ ತೆಗೆ, ಎರಡನೆಯದಕ್ಕೆ ಬೂದು. ಕಪ್ಪಿಗೆ ಮೂರನೇ ಜಾಗ. ಕರಿ ಕೋಟು ವಿಡಿಯೊದವನ ದೀಪದಡಿ ಒಂದು ಮುದ್ದೆಯಾಗಿ ಕಾಣುತ್ತದೆ, ಕಾಲರ್ ಎಲ್ಲಿ ಮುಗಿಯಿತು, ಎದೆ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಮದುವೆ ಮುಗಿದ ಮೇಲೆ ಅದನ್ನು ತೊಟ್ಟು ಹೋಗುವ ಜಾಗಗಳೂ ಕಡಿಮೆ. ಇನ್ನು ಕೋಟೊಂದನ್ನೇ ಜೀನ್ಸಿನ ಮೇಲೋ ಬೇರೆ ಬಣ್ಣದ ಪ್ಯಾಂಟಿನ ಮೇಲೋ ತೊಡಬೇಕೆಂದಿದ್ದರೆ ಸೂಟಿನ ನುಣುಪು ಬಟ್ಟೆ ಬೇಡವೇ ಬೇಡ. ನೋಡಿದವರು ಪ್ಯಾಂಟು ಎಲ್ಲಿ ಎಂದು ಕೇಳುತ್ತಾರೆ. ಮೇಲ್ಮೈ ಸ್ವಲ್ಪ ಒರಟಾಗಿರುವ, ನೇಯ್ಗೆ ಕಣ್ಣಿಗೆ ಕಾಣುವ ಬಟ್ಟೆ ತೆಗೆ. ಹಾಪ್‌ಸ್ಯಾಕ್ ಆಗಲಿ, ಮೀನಿನ ಮೂಳೆಯಂಥ ಓರೆಗೆರೆಯ ಹೆರಿಂಗ್‌ಬೋನ್ ಆಗಲಿ, ಬಣ್ಣ ಕಂದಾದರೂ ಸೈ.

ಎಷ್ಟು ಬಟ್ಟೆ ಬೇಕು ಎನ್ನುವುದನ್ನು ಅಂಗಡಿಯವರನ್ನು ಕೇಳಬೇಡ, ಟೈಲರ್ ಬರೆದುಕೊಟ್ಟ ಚೀಟಿ ಒಯ್ಯಿ. ದೊಡ್ಡ ಪನ್ನದಲ್ಲಿ ಸಾಧಾರಣ ಮೈಕಟ್ಟಿನವರ ಕೋಟಿಗೆ ಸುಮಾರು ಎರಡು ಮೀಟರ್, ಪ್ಯಾಂಟೂ ಸೇರಿದರೆ ಮೂರೂಕಾಲು. ದೊಡ್ಡ ಚೌಕಳಿಯಾದರೆ ಎದೆ, ಜೇಬು, ತೋಳಿನ ಗೆರೆಗಳು ಒಂದಕ್ಕೊಂದು ಕೂಡಬೇಕು, ಅದಕ್ಕೆ ಕಾಲು ಮೀಟರ್ ಹೆಚ್ಚು ತೆಗೆ. ಕಟಿಂಗಿಗೆ ಮೊದಲು ಬಟ್ಟೆಗೆ ಹಬೆ ಕೊಟ್ಟು ಕುಗ್ಗಿಸುತ್ತಾರೆಯೇ ಎಂದು ಕೇಳಿಕೊ. ಕುಗ್ಗಿಸದೆ ಹೊಲಿದದ್ದು ಮೊದಲ ಡ್ರೈಕ್ಲೀನಿನಲ್ಲಿ ತೋಳು ಮೇಲೇರಿಸಿಕೊಂಡು ಬರುತ್ತದೆ. ಮುಹೂರ್ತದ ಸೀಸನ್ನಿನಲ್ಲಿ ಕೊಟ್ಟು ವಾರದಲ್ಲಿ ಕೇಳಬೇಡ. ಒಂದು ತಿಂಗಳು ಮುಂಚೆ ಕೊಡು, ಎರಡು ಟ್ರಯಲ್ ಕೇಳು.

ಮತ್ತೆ, ಕತ್ತರಿಸಿ ಉಳಿದ ತುಂಡನ್ನು ಕೇಳಿ ತೆಗೆದುಕೊ, ಕೇಳದಿದ್ದರೆ ಯಾರೂ ಕೊಡುವುದಿಲ್ಲ. ನಾಳೆ ಎಲ್ಲೋ ಕಿಡಿ ಹಾರಿ ತೂತಾದರೆ ರಫೂ ಮಾಡಲು ಅದೇ ಎಳೆ ಬೇಕು. ಬೆನ್ನಿನ ಹೊಲಿಗೆ, ಪಕ್ಕದ ಹೊಲಿಗೆ ಎರಡರಲ್ಲೂ ಒಳಗೆ ಒಂದೊಂದು ಇಂಚು ಬಟ್ಟೆ ಬಿಡಲು ಮಾಸ್ಟರ್‌ಗೆ ಮರೆಯದೆ ಹೇಳು. ಮದುವೆಯಾದ ಎರಡನೇ ವರ್ಷಕ್ಕೆ ಅದು ಬೇಕೇ ಬೇಕಾಗುತ್ತದೆ.